ತಿನ್ನುವ ಗುಲಾಬಿಯ ಚರಿತ್ರೆ

ಮದುವೆಗೆ, ಹಬ್ಬಕ್ಕೆ, ಮಗುವಿನ ನಾಮಕರಣಕ್ಕೆ ಮನೆಯಲ್ಲೇ ಚಾಕಲೇಟಿನ ಹೂ ಮಾಡಿ ಪೆಟ್ಟಿಗೆಯಲ್ಲಿಟ್ಟು ಕೊಡುವ ರೂಢಿ ಈಗ ನಮ್ಮ ಊರುಗಳಿಗೂ ಬಂದಿದೆ. ಕರಗಿಸಿದ ಚಾಕಲೇಟಿಗೆ ಗ್ಲುಕೋಸಿನ ಪಾಕ ಬೆರೆಸಿ ಒಂದು ರಾತ್ರಿ ಬಿಟ್ಟರೆ ಅದು ನಾದುವ ಹದಕ್ಕೆ ಬರುತ್ತದೆ. ಸಣ್ಣ ಉಂಡೆಗಳನ್ನು ಪ್ಲಾಸ್ಟಿಕ್ ಹಾಳೆಯ ನಡುವೆ ಬೆರಳಿನಿಂದ ಒತ್ತಿದರೆ ಎಸಳು. ಮೊಗ್ಗಿನ ಸುತ್ತ ಒಂದರ ಮೇಲೊಂದು ಎಸಳು ಸುತ್ತುತ್ತಾ ಹೋದರೆ ಗುಲಾಬಿ. (ಫಾರ್ಸಿಯಲ್ಲಿ ಗುಲಾಬ್ ಎಂದರೆ ಪನ್ನೀರು, ಹೂವಿಗೆ ಅಲ್ಲಿ ಗುಲ್ ಎನ್ನುತ್ತಾರೆ. ನೀರಿನ ಹೆಸರನ್ನು ನಾವು ಹೂವಿಗೆ ಇಟ್ಟುಬಿಟ್ಟೆವು.)

ಇದೊಂದು ಪಾಶ್ಚಾತ್ಯ ಶೋಕಿ ಎಂದು ಮೂಗು ಮುರಿಯುವವರಿದ್ದಾರೆ. ಅವರ ಮಾತು ಅರ್ಧ ಮಾತ್ರ ನಿಜ. ತಿನ್ನುವ ವಸ್ತುವಿನಲ್ಲಿ ಗಿಡ, ಹೂ ಅರಳಿಸುವ ಕಲೆ ಚಾಕಲೇಟಿಗಿಂತ ಬಹಳ ಹಳೆಯದು. ಫಾರ್ಸಿ ಕವಿ ನಾಸಿರ್ ಖುಸ್ರೋ 1047ರಲ್ಲಿ ಕೈರೋ ತಲುಪಿದ. ಅಲ್ಲಿನ ಫಾತಿಮೀ ಆಸ್ಥಾನದ ಈದ್ ಔತಣದ ಸಿದ್ಧತೆ ನೋಡುವ ಆಸೆಯಿಂದ ಪರಿಚಯದ ಗುಮಾಸ್ತನೊಬ್ಬನನ್ನು ಹಿಡಿದು ಅರಮನೆಯೊಳಗೆ ಹೋದ. ಒಳಗೆ ಕೊಂಬೆ, ಎಲೆ, ಹಣ್ಣು ಸಹಿತ ಇಡೀ ಕಿತ್ತಳೆ ಮರವೊಂದು ಸಕ್ಕರೆಯಲ್ಲೇ ನಿಂತಿತ್ತು. ಆ ಒಂದು ದಿನಕ್ಕೆ ಐವತ್ತು ಸಾವಿರ ಮಣ ಸಕ್ಕರೆ ಗೊತ್ತುಮಾಡಿದ್ದಾರೆಂದು ಕೇಳಿದ್ದಾಗಿ ತನ್ನ ‘ಸಫರ್‌ನಾಮಾ’ದಲ್ಲಿ ಬರೆದಿದ್ದಾನೆ. ಮುಂದೆ 1582ರಲ್ಲಿ ಇಸ್ತಾಂಬುಲ್‌ನಲ್ಲಿ ಸುಲ್ತಾನ್ ಮೂರನೇ ಮುರಾದನ ಮಗನ ಮುಂಜಿಯ ಉತ್ಸವ ಐವತ್ತು ದಿನ ಮೀರಿ ನಡೆದಾಗ, ಸಕ್ಕರೆಯ ಪ್ರಾಣಿಗಳನ್ನು ಮೆರವಣಿಗೆಯಲ್ಲಿ ಹೊತ್ತೊಯ್ದರು.

ಚಾಕಲೇಟು ಈ ಸಾಲಿಗೆ ಸೇರಿದ್ದು ತಡವಾಗಿ. ಮೆಕ್ಸಿಕೋದ ಅಜ್ಟೆಕರು ಕೊಕ್ಕೊ ಪಾನಕಕ್ಕೆ ಪರಿಮಳದ ಹೂವನ್ನೇ ಅರೆದು ಹಾಕುತ್ತಿದ್ದರು. ಆದರೆ ಪಾನಕದಲ್ಲಿ ಹೂ ಕೆತ್ತಲಾದೀತೇ? 1828ರಲ್ಲಿ ಡಚ್ಚರ ವಾನ್ ಹೌಟೆನ್ ಕಾರ್ಖಾನೆಯವರು ಬೀಜವನ್ನು ಒತ್ತಿ ಬೆಣ್ಣೆ ಬೇರ್ಪಡಿಸುವ ಯಂತ್ರ ತಂದರು. ಆ ಬೆಣ್ಣೆಯನ್ನೇ ಮತ್ತೆ ಹೆಚ್ಚಾಗಿ ಸೇರಿಸಿ 1847ರಲ್ಲಿ ಇಂಗ್ಲೆಂಡಿನ ಫ್ರೈ ಕಂಪೆನಿ ಅಚ್ಚಿಗೆ ಹೊಯ್ಯುವ ಚಾಕಲೇಟು ಮಾಡಿತು. 1868ರ ಸುಮಾರಿಗೆ ರಿಚರ್ಡ್ ಕ್ಯಾಡ್ಬರಿ ಚಾಕಲೇಟನ್ನು ಚಿತ್ರ ಬರೆದ ಚಂದದ ಪೆಟ್ಟಿಗೆಗಳಲ್ಲಿ ಮಾರತೊಡಗಿದ. ಉಡುಗೊರೆಯ ಚಾಕಲೇಟಿನ ಕಥೆ ಅಲ್ಲಿಂದ ಶುರು.

ಆ ಪೆಟ್ಟಿಗೆಗೆ ಇನ್ನೊಂದು ಮುಖವೂ ಇತ್ತು. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಕ್ವೇಕರ್ ಪಂಥದವರು ಈ ಕ್ಯಾಡ್ಬರಿ ಮನೆತನ. ಅವರ ಕೊಕ್ಕೊದ ದೊಡ್ಡ ಪಾಲು ಬರುತ್ತಿದ್ದುದು ಪೋರ್ಚುಗೀಸರ ಸಾವೊ ತೊಮೆ ದ್ವೀಪದಿಂದ. ಅಂಗೋಲಾದಿಂದ ತಂದ ಜನ ಅಲ್ಲಿ ಕಾಗದದ ಮೇಲೆ ಕರಾರಿನ ಕೂಲಿಗಳು. ತಿರುಗಿ ಊರಿಗೆ ಹೋದವರು ಇಲ್ಲವೆನ್ನುವಷ್ಟು ಕಡಿಮೆ. 1901ರಲ್ಲಿ ಮಾರಾಟಕ್ಕಿದ್ದ ಒಂದು ತೋಟದ ಆಸ್ತಿಪಟ್ಟಿ ಕಂಪೆನಿಯ ಕೈ ಸೇರಿತು. ಅದರಲ್ಲಿ ಆಳುಗಳನ್ನೂ ಬೆಲೆ ಕಟ್ಟಿ ಬರೆದಿದ್ದರು. ಪತ್ರಕರ್ತ ಹೆನ್ರಿ ನೆವಿನ್ಸನ್ ಹೋಗಿ ಕಂಡದ್ದನ್ನು 1906ರಲ್ಲಿ ಪುಸ್ತಕ ಮಾಡಿದ. ಕಂಪೆನಿ ವಿಚಾರಣೆ, ಪತ್ರವ್ಯವಹಾರ ಎನ್ನುತ್ತಾ ಕೊಳ್ಳುತ್ತಲೇ ಇದ್ದು, ಖರೀದಿ ನಿಲ್ಲಿಸಿದ್ದು 1909ರಲ್ಲಿ. ಎಂಟು ವರ್ಷ! ಇದನ್ನು ಚುಚ್ಚಿ ಬರೆದ ‘ಸ್ಟ್ಯಾಂಡರ್ಡ್’ ಪತ್ರಿಕೆಯ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ಅದೇ ವರ್ಷ ಕ್ಯಾಡ್ಬರಿಯವರು ಗೆದ್ದರು. ಜ್ಯೂರಿ ಕೊಡಿಸಿದ ಪರಿಹಾರ ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ನನ್ನ ಮಟ್ಟಿಗೆ ಅದಕ್ಕಿಂತ ಖಾರವಾದ ತೀರ್ಪು ಇನ್ನೊಂದಿಲ್ಲ.

ಅದು ಹಳೆಯ ಕಥೆ ಎನ್ನುವಂತಿಲ್ಲ. ಬಾಲಕಾರ್ಮಿಕ ಪದ್ಧತಿಯ ಅತಿ ಹೀನ ರೂಪಗಳನ್ನು ಕೊನೆಗಾಣಿಸುತ್ತೇವೆಂದು ದೊಡ್ಡ ಕಂಪೆನಿಗಳು 2001ರಲ್ಲಿ ಸಹಿ ಹಾಕಿದವು, ಗಡುವು 2005. ಶಿಕಾಗೊ ವಿಶ್ವವಿದ್ಯಾಲಯದ ಸಂಸ್ಥೆಯೊಂದು 2020ರಲ್ಲಿ ಹೊರತಂದ ವರದಿಯ ಪ್ರಕಾರ ಐವರಿ ಕೋಸ್ಟ್ ಮತ್ತು ಘಾನಾಗಳ ಕೊಕ್ಕೊ ತೋಟಗಳಲ್ಲಿ ದುಡಿಯುವ ಮಕ್ಕಳು ಸುಮಾರು 15.6 ಲಕ್ಷ.

ಕೊಕ್ಕೊ ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನೆರಳಿನಲ್ಲೂ ಇದೆ. ಕಂಪೆನಿಗಳ ಮಾತು ನಂಬಿ ಬೆಳೆದವರಿಗೆ 1980ರ ಹೊತ್ತಿಗೆ ಬೆಲೆ ಕುಸಿದು ಕೊಳ್ಳುವವರಿಲ್ಲದಾಯಿತು. ಆಗ ಕೈಹಿಡಿದದ್ದು 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಅದು ಪುತ್ತೂರಿನಲ್ಲಿ ಸ್ವಂತ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು.

ಮನೆಯಲ್ಲಿ ಹೂ ಮಾಡುವ ಹೆಂಗಸರು ಹೆಚ್ಚಾಗಿ ಕೊಳ್ಳುವುದು ಅಂಗಡಿಯಲ್ಲಿ ‘ಕಾಂಪೌಂಡ್’ ಎಂದು ಸಿಗುವ ಗಟ್ಟಿ. ಅದರಲ್ಲಿ ಕೊಕ್ಕೊ ಬೆಣ್ಣೆಯ ಬದಲು ತಾಳೆಯಂಥ ಬೇರೆ ಕೊಬ್ಬು ಇರುತ್ತದೆ. ಅವರನ್ನು ದೂರುವಂತಿಲ್ಲ. ಕೊಕ್ಕೊ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಕರಾವಳಿಯ ಮೇ ತಿಂಗಳು ಅಷ್ಟಕ್ಕೆ ನಿಲ್ಲುವುದಿಲ್ಲ. ಸಾಲದ್ದಕ್ಕೆ ಅದನ್ನು ಅಳತೆಯ ಶಾಖದಲ್ಲಿ ಕರಗಿಸಿ, ತಣಿಸಿ, ಮತ್ತೆ ತುಸು ಬಿಸಿ ಮಾಡಿ ಹದಕ್ಕೆ ತರಬೇಕು. ತಪ್ಪಿದರೆ ಎಸಳಿನ ಮೇಲೆ ಬೂದಿ ಬಣ್ಣದ ಪೊರೆ ಕಟ್ಟುತ್ತದೆ. ಬೆಲೆಯೂ ಕಾಂಪೌಂಡಿಗಿಂತ ಬಹಳ ಹೆಚ್ಚು. ಹಾಗಿದ್ದೂ ಕೊಕ್ಕೊ ಬೆಣ್ಣೆಯದೇ ಬೇಕೆನ್ನುವವರಿದ್ದಾರೆ. ಅವರು ನಸುಕಿನ ತಂಪಿನಲ್ಲೇ ಕೆಲಸಕ್ಕೆ ಕೂರಬೇಕು.