ಕಾಮಾಲೆ ತಂದ ರಕ್ತ, ಕಾಮಾಲೆ ತಡೆದ ರಕ್ತ

1942ರಲ್ಲಿ ಅಮೆರಿಕದ ಸೈನಿಕರು ಗುಂಪುಗುಂಪಾಗಿ ಆಸ್ಪತ್ರೆ ಸೇರತೊಡಗಿದರು. ಕಣ್ಣು ಹಳದಿ, ಮೂತ್ರ ಹಳದಿ, ಊಟ ಕಂಡರೆ ಓಕರಿಕೆ. ಸುಮಾರು 50 ಸಾವಿರ ಮಂದಿಗೆ ಕಾಮಾಲೆ. ಕಾರಣ ಹುಡುಕಿದಾಗ ಸಿಕ್ಕಿದ್ದು ಅವರಿಗೇ ಚುಚ್ಚಿದ್ದ ಹಳದಿ ಜ್ವರದ ಲಸಿಕೆ! ಅದರಲ್ಲಿ ಬೆರೆಸಿದ್ದ ಮನುಷ್ಯರ ರಕ್ತದ ಸೀರಂನಲ್ಲಿ ರೋಗ ಅಡಗಿತ್ತು. ಇಂದು ನಾವು ಹೆಪಟೈಟಿಸ್ ಬಿ ಎನ್ನುವುದು ಅದನ್ನೇ.

ನೀರಿನಿಂದ ಬರುವ ಎ ಮತ್ತು ಇ ಕಾಮಾಲೆಗಳು ಸಾಮಾನ್ಯವಾಗಿ ಕೆಲವು ವಾರ ಕಾಡಿ ಹೋಗುತ್ತವೆ. ಬಿ ಹಾಗಲ್ಲ. ಅದು ರಕ್ತದಿಂದ, ಲೈಂಗಿಕ ಸಂಪರ್ಕದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಕೆಲವರಲ್ಲಿ ದಶಕಗಟ್ಟಲೆ ಸದ್ದಿಲ್ಲದೆ ಉಳಿದು ಸಿರೋಸಿಸ್, ಕ್ಯಾನ್ಸರ್ ತರುತ್ತದೆ.

ಇದರ ಸುಳಿವು ಸಿಕ್ಕಿದ್ದು ಅದನ್ನು ಹುಡುಕದವರಿಗೆ. ಬೇರೆ ಬೇರೆ ಜನಾಂಗಗಳ ರಕ್ತದ ಪ್ರೋಟೀನುಗಳನ್ನು ಹೋಲಿಸುತ್ತಿದ್ದ ಬರೂಚ್ ಬ್ಲೂಂಬರ್ಗ್, ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಹೊಸದೊಂದು ಪ್ರೋಟೀನು ಕಂಡರು. ‘ಆಸ್ಟ್ರೇಲಿಯಾ ಆಂಟಿಜನ್’ ಎಂದು ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂಬುದು ಸ್ಪಷ್ಟವಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು.

ಈ ವೈರಸ್ಸಿಗೆ ಒಂದು ವಿಚಿತ್ರ ಅಭ್ಯಾಸವಿದೆ. ಪೂರ್ಣ ವೈರಸ್ಸುಗಳಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿ, ಒಳಗೆ ಏನೂ ಇಲ್ಲದ ಖಾಲಿ ಕವಚಗಳನ್ನು ಅದು ರಕ್ತಕ್ಕೆ ಸುರಿಯುತ್ತದೆ. ಖಾಲಿ ಕವಚ ರೋಗ ತರಲಾರದು. ಆದರೆ ದೇಹ ಅದನ್ನು ಗುರುತು ಹಿಡಿದು ಪ್ರತಿಕಾಯ ತಯಾರಿಸಬಲ್ಲದು. ಹಾಗಾದರೆ ರೋಗಿಯ ರಕ್ತದಿಂದಲೇ ಕವಚಗಳನ್ನು ಸೋಸಿ ತೆಗೆದರೆ? ಮಾರಿಸ್ ಹಿಲ್ಲೆಮನ್ ಹಾಗೆಯೇ ಮಾಡಿದರು. ಸೋಂಕಿತರ ಪ್ಲಾಸ್ಮಾವನ್ನು ಪೆಪ್ಸಿನ್, ಯೂರಿಯಾ, ಫಾರ್ಮಾಲಿನ್‌ಗಳಲ್ಲಿ ಸಂಸ್ಕರಿಸಿ, ಬದುಕಿರುವುದೆಲ್ಲ ಸಾಯುವಂತೆ ನೋಡಿಕೊಂಡರು. 1981ರಲ್ಲಿ ಈ ಲಸಿಕೆಗೆ ಅನುಮತಿ ಸಿಕ್ಕಿತು. ಅದೇ ವರ್ಷ ಏಡ್ಸ್‌ನ ಮೊದಲ ವರದಿಗಳೂ ಬಂದವು. ರಕ್ತದಿಂದ ಮಾಡಿದ ಲಸಿಕೆ ಸುರಕ್ಷಿತವಾಗಿದ್ದರೂ ಜನ ಅಂಜಿದರು. 1942ರ ನೆನಪಿದ್ದವರು ಅಂಜಿದ್ದರಲ್ಲಿ ತಪ್ಪೇನಿತ್ತು?

ಉತ್ತರ ಬಂದದ್ದು ಯೀಸ್ಟಿನಿಂದ. ಕವಚದ ಜೀನನ್ನು ಬ್ರೆಡ್ ಉಬ್ಬಿಸುವ ಯೀಸ್ಟಿಗೆ ಸೇರಿಸಿದರೆ ಅದೇ ಕವಚ ತಯಾರಿಸಿಕೊಟ್ಟಿತು. 1986ರ ಹೊತ್ತಿಗೆ ರಕ್ತದ ಹಂಗಿಲ್ಲದ ಲಸಿಕೆ ಸಿದ್ಧವಾಯಿತು. ಆದರೆ ಭಾರತಕ್ಕೆ ಅದು ದುಬಾರಿ ಆಮದು ಸರಕು. ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿ ತಾಯಿ ಶಾಂತಮ್ಮನವರ ಹೆಸರಿನಲ್ಲಿ 1993ರಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಕಟ್ಟಿದರು. 1997ರಲ್ಲಿ ‘ಶಾನ್‌ವ್ಯಾಕ್-ಬಿ’ ಹೊರಬಂದಾಗ ಬೆಲೆ ಕುಸಿಯತೊಡಗಿತು. ಬೇರೆ ಭಾರತೀಯ ಕಂಪನಿಗಳೂ ಪೈಪೋಟಿಗೆ ಇಳಿದವು. 2002ರಲ್ಲಿ ಆಯ್ದ ನಗರ, ಜಿಲ್ಲೆಗಳಲ್ಲಿ ಆರಂಭವಾದ ಸರ್ಕಾರಿ ಲಸಿಕೆ, ಸುಮಾರು ಹತ್ತು ವರ್ಷಗಳಲ್ಲಿ ದೇಶವ್ಯಾಪಿಯಾಯಿತು.

ಲಸಿಕೆ ಬರುವ ಮೊದಲೇ ಸೋಂಕು ತಗುಲಿದವರ ಗತಿಯೇನು? ನಮ್ಮ ಕಡೆ ಕಾಮಾಲೆ ಎಂದರೆ ಮೊದಲು ನೆನಪಾಗುವುದು ನೆಲನೆಲ್ಲಿ. 1988ರಲ್ಲಿ ಮದರಾಸಿನ ಸಂಶೋಧಕರು, ಸ್ವತಃ ಬ್ಲೂಂಬರ್ಗ್ ಜೊತೆಗೂಡಿ, ಅದನ್ನು ಪರೀಕ್ಷಿಸಿ ‘ಲ್ಯಾನ್ಸೆಟ್’ನಲ್ಲಿ ಬರೆದರು: ನೆಲನೆಲ್ಲಿ ಕುಡಿದ 37 ಸೋಂಕಿತರಲ್ಲಿ 22 ಮಂದಿಯ ರಕ್ತದಿಂದ ಆಂಟಿಜನ್ ಮಾಯ! ಆಸೆ ಚಿಗುರಿತು. ಮುಂದಿನ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲ. ತಾನಾಗಿ ಇಳಿಯುವ ಕಾಮಾಲೆಗಳ ಯಶಸ್ಸು ಗಿಡದ ಖಾತೆಗೆ ಜಮೆಯಾಗುತ್ತಲೇ ಇದೆ.

ಟೆನೊಫೊವಿರ್‌ನಂಥ ಮಾತ್ರೆಗಳು ವೈರಸ್ಸು ತನ್ನ ಪ್ರತಿ ತೆಗೆಯುವ ಕಿಣ್ವವನ್ನು ತಡೆಯುತ್ತವೆ. ಯಕೃತ್ತು ಉಳಿಯುತ್ತದೆ. ಆದರೆ ವೈರಸ್ಸಿನ ಮೂಲಪ್ರತಿ, ಉಂಗುರದಂಥ ಡಿಎನ್‌ಎ, ಯಕೃತ್ತಿನ ಜೀವಕೋಶದ ನ್ಯೂಕ್ಲಿಯಸ್ಸಿನಲ್ಲಿ ಕುಳಿತಿರುತ್ತದೆ. ಮಾತ್ರೆ ಅದನ್ನು ಮುಟ್ಟದು. ಹೀಗಾಗಿ ಹೆಚ್ಚಿನವರು ವರ್ಷಗಟ್ಟಲೆ ನುಂಗುತ್ತಿರಬೇಕು. ಹೆಪಟೈಟಿಸ್ ಸಿ ಕಥೆ ಇದರ ತಿರುವುಮುರುವು. ಆ ವೈರಸ್ಸು ನ್ಯೂಕ್ಲಿಯಸ್ಸಿಗೆ ಕಾಲಿಡುವುದಿಲ್ಲ. ಸೊಫೊಸ್ಬುವಿರ್ ಮತ್ತು ಜೊತೆಯ ಔಷಧಗಳು ಹನ್ನೆರಡು ವಾರಗಳಲ್ಲಿ ಬಹುತೇಕರನ್ನು ಪೂರ್ತಿ ಗುಣಪಡಿಸುತ್ತವೆ. ಆದರೆ ವೇಷ ಬದಲಿಸುತ್ತಲೇ ಇರುವ ಸಿ ವೈರಸ್ಸಿಗೆ ಲಸಿಕೆ ಇಲ್ಲ. ಒಂದನ್ನು ತಡೆಯಬಲ್ಲೆವು, ಇನ್ನೊಂದನ್ನು ಗುಣಪಡಿಸಬಲ್ಲೆವು.

ಆದ್ದರಿಂದ ಬಿ ವಿಷಯದಲ್ಲಿ ಗಡಿಯಾರವೇ ಮುಖ್ಯ. ವಯಸ್ಕರಿಗೆ ತಗುಲಿದರೆ ನೂರರಲ್ಲಿ ಐವರಿಗೂ ಅದು ಬೇರೂರುವುದಿಲ್ಲ. ಹುಟ್ಟುವಾಗ ತಗುಲಿದ ಶಿಶುಗಳಲ್ಲಿ ಸುಮಾರು ತೊಂಬತ್ತು ಮಂದಿಗೆ ಬೇರೂರುತ್ತದೆ. ಮೊದಲ ಚುಚ್ಚುಮದ್ದು ಹುಟ್ಟಿದ 24 ಗಂಟೆಯೊಳಗೆ ಬೀಳಬೇಕು ಎನ್ನುವುದು ಇದಕ್ಕೇ. ಇನ್ನೂ ಹೆಸರಿಡದ, ತೊಟ್ಟಿಲು ಕಾಣದ ಕೂಸಿನ ತೊಡೆಗೆ ಬೀಳುವ ಆ ಒಂದು ಚುಚ್ಚಿನಲ್ಲಿ ಇರುವುದು ಅದೇ ಖಾಲಿ ಕವಚ, ಒಂದು ಹನಿ ರಕ್ತವೂ ಬೆರೆಯದೆ.