ಕಾರ್ಡು ಬರೆದ ಮೇಷ್ಟರು: ನೀಲ್‌ಬಾಗ್‌ನಿಂದ ಹೆಗ್ಗಡದೇವನಕೋಟೆಯವರೆಗೆ ಚಟುವಟಿಕೆ ಕಲಿಕೆಯ ಹಾದಿ

ರ, ಗ, ಸ, ದ, ಅ. ಕರ್ನಾಟಕದ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಲ್ಲಿ ‘ನಲಿ-ಕಲಿ’ ಎಂಬ ಚಟುವಟಿಕೆ ಪದ್ಧತಿಯಲ್ಲಿ ಮಗು ಮೊದಲು ಕಲಿಯುವ ಅಕ್ಷರಗಳು ಇವು. ಅ ಆ ಇ ಈ ಎಂದು ವರ್ಣಮಾಲೆಯ ಸಾಲು ಹಿಡಿದು ಬಂದವರಿಗೆ ಈ ಕ್ರಮ ವಿಚಿತ್ರವಾಗಿ ಕಾಣುತ್ತದೆ. ಆದರೆ ಈ ಐದರಿಂದಲೇ ಸರ, ಅರಸ, ಅಗಸ, ಗರಗಸ, ದಸರ ಎಂಬ ಪದಗಳು ಹೊರಡುತ್ತವೆ. ಕಾಗುಣಿತ, ಒತ್ತಕ್ಷರಗಳ ಗೊಡವೆ ಇನ್ನೂ ಶುರುವಾಗಿರುವುದಿಲ್ಲ, ಮಗು ಆಗಲೇ ಓದಲು ತೊಡಗಿರುತ್ತದೆ. ಐವತ್ತು ಅಕ್ಷರ ಮುಗಿಯುವವರೆಗೆ ಓದಿನ ಸುಖಕ್ಕಾಗಿ ಕಾಯಬೇಕಾಗಿಲ್ಲ.

ಇಂಥ ಜೋಡಣೆ ಹೊಳೆಯಬೇಕಾದರೆ ಆರು ವರ್ಷದ ಮಕ್ಕಳ ಪಕ್ಕದಲ್ಲಿ ವರ್ಷಗಟ್ಟಲೆ ಕೂತಿರಬೇಕು. ಪ್ರಾಥಮಿಕ ಶಾಲೆಯಲ್ಲಿ ಕೈಯಾರೆ ಮಾಡಿ ಕಲಿಯುವ ಪದ್ಧತಿಯ ಚರಿತ್ರೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಆಯೋಗಗಳ ವರದಿಗಳಿಂದ, ನೀತಿಪತ್ರಗಳಿಂದ ಬರೆಯುತ್ತಾರೆ. ಅದನ್ನು ಶಿಕ್ಷಕರ ಕೈಯಿಂದ ಬರೆಯಬೇಕು ಎಂಬುದು ಈ ಲೇಖನದ ನಿಲುವು. ಕೋಲಾರದ ಗಡಿಯ ಒಂದು ಪುಟ್ಟ ಶಾಲೆಯಿಂದ ಹೊರಟ ಈ ಪದ್ಧತಿ ಆಂಧ್ರದ ಒಂದು ಕಣಿವೆಯನ್ನು ಹಾದು ಮೈಸೂರು ಜಿಲ್ಲೆಯ ಕಾಡಂಚಿಗೆ ಬಂತು, ಅಲ್ಲಿಂದ ಇಡೀ ರಾಜ್ಯಕ್ಕೆ ಹರಡಿತು. ಕಲಿಕಾ ಸಾಮಗ್ರಿಯನ್ನು ಶಿಕ್ಷಕರು ತಾವೇ ಮಾಡಿದ ಕಡೆ ಅದು ಗಟ್ಟಿಯಾಯಿತು. ಸಿದ್ಧ ಸಾಮಗ್ರಿಯನ್ನು ಅವರಿಗೆ ಹಂಚಿದ ಕಡೆ ಸೊರಗಿತು.

ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಆಂಧ್ರದ ಗಡಿಗೆ ಅಂಟಿಕೊಂಡ ಊರು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಮಳೆ ಬಂದರೆ ಬೆಳೆ. ಅದರ ಹತ್ತಿರ 1972ರಲ್ಲಿ ಡೇವಿಡ್ ಹಾರ್ಸ್‌ಬರೋ ‘ನೀಲ್‌ಬಾಗ್’ ಶಾಲೆಯನ್ನು ಶುರುಮಾಡಿದರು. ಇಂಗ್ಲೆಂಡಿನಿಂದ ಬಂದು ಇಲ್ಲೇ ನೆಲೆಸಿದ ಅವರು ಆಂಧ್ರದ ಋಷಿವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದ್ದವರು, ಬ್ರಿಟಿಷ್ ಕೌನ್ಸಿಲಿನಲ್ಲಿ ದುಡಿದವರು, ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದು ಹೆಸರು ಮಾಡಿದವರು. ಅಷ್ಟೆಲ್ಲ ಆದಮೇಲೆ ಸುತ್ತಲಿನ ಹಳ್ಳಿಯ ಬಡಮಕ್ಕಳಿಗೆ ಶಾಲೆ ತೆರೆದರು. ಅಲ್ಲಿ ವಯಸ್ಸಿಗೆ ತಕ್ಕ ತರಗತಿಗಳ ವಿಭಜನೆ ಇರಲಿಲ್ಲ, ಪರೀಕ್ಷೆ ಇರಲಿಲ್ಲ, ಬಹುಮಾನವೂ ಶಿಕ್ಷೆಯೂ ಇರಲಿಲ್ಲ. ದೊಡ್ಡ ಮಕ್ಕಳು ಚಿಕ್ಕವರ ಜೊತೆ ಒಂದೇ ಕೋಣೆಯಲ್ಲಿ ಕೂತು ತಂತಮ್ಮ ಕೆಲಸ ಮಾಡುತ್ತಿದ್ದರು. ಮರಗೆಲಸ, ಮಡಕೆ ಮಾಡುವುದು, ಹೊಲಿಗೆ, ತೋಟದ ಕೆಲಸ ಇವಕ್ಕೆ ಗಣಿತ ಮತ್ತು ಭಾಷೆಯಷ್ಟೇ ಸ್ಥಾನವಿತ್ತು.

ನೀಲ್‌ಬಾಗ್‌ನ ಮಹತ್ವ ಅಲ್ಲಿ ಓದಿದ ಮಕ್ಕಳ ಸಂಖ್ಯೆಯಲ್ಲಿಲ್ಲ. ಹಾರ್ಸ್‌ಬರೋ ಅದೇ ಆವರಣದಲ್ಲಿ ಶಿಕ್ಷಕರನ್ನೂ ತಯಾರು ಮಾಡಿದರು. ತರಬೇತಿಗೆ ಬಂದವರು ಉಪನ್ಯಾಸ ಕೇಳಿ ಟಿಪ್ಪಣಿ ಬರೆದುಕೊಂಡು ಹೋಗುವ ಹಾಗಿರಲಿಲ್ಲ. ಮಕ್ಕಳ ಜೊತೆ ಇದ್ದು, ತಾವೂ ಕೈಕೆಲಸ ಕಲಿತು, ಆಮೇಲೆ ಬೇರೆ ಊರಿಗೆ ಹೋಗಿ ಶಾಲೆ ಕಟ್ಟಬೇಕಿತ್ತು. 1984ರಲ್ಲಿ ಹಾರ್ಸ್‌ಬರೋ ತೀರಿಕೊಂಡರು. ಶಾಲೆ ಕಟ್ಟುವವರಿಗೆ ಹನ್ನೆರಡು ವರ್ಷ ದೊಡ್ಡ ಅವಧಿಯೇನಲ್ಲ. ಆದರೂ ಅವರ ಕೈಕೆಳಗೆ ಪಳಗಿದವರಲ್ಲಿ ಇಬ್ಬರು, ಪದ್ಮನಾಭ ರಾವ್ ಮತ್ತು ರಮಾ ದಂಪತಿ, ಆ ಕೆಲಸವನ್ನು ಮುಂದಿನ ಮಜಲಿಗೆ ಒಯ್ದರು.

ಮದನಪಲ್ಲಿಯ ಹತ್ತಿರ ಜಿಡ್ಡು ಕೃಷ್ಣಮೂರ್ತಿಯವರ ಋಷಿವ್ಯಾಲಿ ಶಾಲೆ ಇದೆ. ಅದರ ಗ್ರಾಮೀಣ ಶಿಕ್ಷಣ ಕೇಂದ್ರವನ್ನು ರಾವ್ ದಂಪತಿ 1980ರ ದಶಕದ ಕೊನೆಯಲ್ಲಿ ವಹಿಸಿಕೊಂಡರು. ಸುತ್ತಲಿನ ಹಳ್ಳಿಗಳಲ್ಲಿ ಏಕೋಪಾಧ್ಯಾಯ ಶಾಲೆಗಳು ಹುಟ್ಟಿದವು. ಒಬ್ಬರೇ ಮೇಷ್ಟರು, ಒಂದೇ ಕೋಣೆ, ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳು. ಒಂದನೆಯ ತರಗತಿಗೆ ಪಾಠ ಹೇಳುವಾಗ ಉಳಿದವರು ಸುಮ್ಮನೆ ಕೂರಬೇಕಾದ ಈ ಇಕ್ಕಟ್ಟು ಭಾರತದ ಹಳ್ಳಿ ಶಾಲೆಗಳ ಹಳೆಯ ರೋಗ. ರಾವ್ ದಂಪತಿ ಪಠ್ಯವನ್ನು ಸಣ್ಣ ಸಣ್ಣ ಚಟುವಟಿಕೆಗಳಾಗಿ ಬಿಡಿಸಿ ಕಾರ್ಡುಗಳ ಮೇಲೆ ಬರೆಸಿದರು. ಯಾವುದಾದ ಮೇಲೆ ಯಾವುದು ಎಂದು ತೋರಿಸುವ ‘ಕಲಿಕಾ ಏಣಿ’ಯನ್ನು ಗೋಡೆಗೆ ಹಾಕಿದರು. ಮಗು ತನ್ನ ಮೆಟ್ಟಿಲನ್ನು ತಾನೇ ನೋಡಿಕೊಂಡು, ಬೇಕಾದ ಕಾರ್ಡನ್ನು ತಾನೇ ತೆಗೆದುಕೊಂಡು ಕೆಲಸಕ್ಕೆ ಕೂರುತ್ತದೆ. ಇದಕ್ಕೂ ಮೊದಲೇ ದೂರದ ಕೊಲಂಬಿಯಾದಲ್ಲಿ, 1970ರ ದಶಕದಿಂದ, ವಿಕಿ ಕೋಲ್ಬರ್ಟ್ ಮತ್ತವರ ಸಂಗಾತಿಗಳು ‘ಎಸ್ಕ್ವೇಲಾ ನ್ವೇವಾ’ ಎಂಬ ಹೆಸರಿನಲ್ಲಿ ಬಹುವರ್ಗದ ಹಳ್ಳಿ ಶಾಲೆಗಳಿಗೆ ಇಂಥದೇ ದಾರಿ ಹುಡುಕಿದ್ದರು. ಕಷ್ಟ ಒಂದೇ ಆದ್ದರಿಂದ ಉತ್ತರಗಳೂ ಹತ್ತಿರ ಬಂದವು.

ಋಷಿವ್ಯಾಲಿಯ ಸುತ್ತಲಿನ ಈ ಹಳ್ಳಿ ಶಾಲೆಗಳ ಇನ್ನೊಂದು ಕೊಡುಗೆ ಮೆಟ್ರಿಕ್ ಮೇಳ. ಅಳತೆ, ತೂಕ, ಹಣದ ಲೆಕ್ಕಗಳನ್ನು ಊರಿನವರ ಎದುರಿಗೇ ಮಕ್ಕಳು ಮಾಡಿ ತೋರಿಸುವ ದಿನ ಅದು. ಕರ್ನಾಟಕದ ಶಾಲೆಗಳಲ್ಲಿ ಇದು ‘ಮಕ್ಕಳ ಸಂತೆ’ಯಾಗಿ ಇಂದಿಗೂ ನಡೆಯುತ್ತಿದೆ. ಮನೆಯ ಹಿತ್ತಲಿನ ಸೊಪ್ಪು, ನಿಂಬೆಹಣ್ಣು, ಕಡಲೆಕಾಯಿ, ಅಮ್ಮ ಮಾಡಿಕೊಟ್ಟ ಚುರುಮುರಿ ಗೋಣಿಚೀಲದ ಮೇಲೆ ಸಾಲಾಗಿ ಕೂರುತ್ತವೆ. ಮೂವತ್ತೈದು ರೂಪಾಯಿಯ ವ್ಯಾಪಾರಕ್ಕೆ ಐವತ್ತರ ನೋಟು ಬಂದಾಗ ಕಳೆಯುವ ಲೆಕ್ಕ ಹಲಗೆಯ ಮೇಲೆ ಇರುವುದಿಲ್ಲ. ಗಿರಾಕಿ ಎದುರಿಗೆ ಕೈಚಾಚಿ ನಿಂತಿರುತ್ತಾನೆ. ಗಣಿತಕ್ಕೆ ಹೆದರುವ ಮಗುವೂ ಆ ಹೊತ್ತಿನಲ್ಲಿ ಚಿಲ್ಲರೆ ತಪ್ಪುವುದು ಕಡಿಮೆ.

ಈಗ ಹೆಗ್ಗಡದೇವನಕೋಟೆ. ನಾಗರಹೊಳೆ, ಬಂಡೀಪುರಗಳ ಕಾಡಿನ ಅಂಚು, ಕಬಿನಿಯ ಹಿನ್ನೀರು, ಜೇನುಕುರುಬರ, ಕಾಡುಕುರುಬರ ಹಾಡಿಗಳು. ಕಾಫಿ ಕೊಯ್ಲಿನ ಕಾಲಕ್ಕೆ ಕೊಡಗಿನ ತೋಟಗಳಿಗೆ ಕೂಲಿಗೆ ಹೊರಡುವ ಕುಟುಂಬಗಳು ಮಕ್ಕಳನ್ನೂ ಕರೆದೊಯ್ಯುತ್ತವೆ. ತಿಂಗಳಾದ ಮೇಲೆ ಮರಳುವ ಮಗುವಿಗೆ ತರಗತಿ ಹತ್ತು ಪಾಠ ಮುಂದೆ ಹೋಗಿರುತ್ತದೆ. ಅದಕ್ಕೆ ಏನೂ ಅರ್ಥವಾಗದೆ ಮೂಲೆ ಹಿಡಿಯುತ್ತದೆ, ಮುಂದಿನ ವರ್ಷ ಶಾಲೆಯನ್ನೇ ಬಿಡುತ್ತದೆ. 1995ರಲ್ಲಿ ಯುನಿಸೆಫ್ ನೆರವಿನಿಂದ ಈ ತಾಲ್ಲೂಕಿನ ಸರ್ಕಾರಿ ಶಿಕ್ಷಕರ ಒಂದು ಗುಂಪು ಋಷಿವ್ಯಾಲಿಗೆ ಹೋಗಿ ಆ ಶಾಲೆಗಳನ್ನು ನೋಡಿ ಬಂತು. ಅಲ್ಲಿನ ಕಾರ್ಡುಗಳನ್ನು ಅವರು ಹಾಗೆಯೇ ಅನುವಾದಿಸಬಹುದಿತ್ತು. ಅವರು ಹಾಗೆ ಮಾಡದೆ ಕಾರ್ಯಾಗಾರಗಳಲ್ಲಿ ಕೂತು ಕನ್ನಡಕ್ಕೂ ತಮ್ಮ ಊರಿಗೂ ಹೊಂದುವ ಹೊಸ ಕಾರ್ಡುಗಳನ್ನು ಬರೆದರು, ಹಾಡು ಕಟ್ಟಿದರು, ಆಟ ಹೊಂದಿಸಿದರು, ಶಾಲೆಗೆ ಒಯ್ದು ನೋಡಿ ಮತ್ತೆ ತಿದ್ದಿದರು. ನಲಿ-ಕಲಿ ಹುಟ್ಟಿದ್ದು ಹೀಗೆ. ಬಹುತೇಕ ಸುಧಾರಣೆಗಳು ರಾಜಧಾನಿಯಲ್ಲಿ ರೂಪಗೊಂಡು ತಾಲ್ಲೂಕಿಗೆ ಇಳಿಯುವ ನಾಡಿನಲ್ಲಿ ಇದು ತಾಲ್ಲೂಕಿನಿಂದ ಮೇಲೆ ಹತ್ತಿತು ಎಂಬುದನ್ನು ನಮ್ಮ ಶಿಕ್ಷಣ ಚರಿತ್ರೆ ದಪ್ಪಕ್ಷರದಲ್ಲಿ ಬರೆದುಕೊಳ್ಳಬೇಕು.

ನಲಿ-ಕಲಿ ಕೋಣೆಯ ಒಳಗೆ ಒಮ್ಮೆ ಕಣ್ಣಾಡಿಸಿದರೆ ಶಿಕ್ಷಕರ ಯೋಚನೆ ವಸ್ತುಗಳಲ್ಲೇ ಕಾಣುತ್ತದೆ. ಗೋಡೆಯ ಕೆಳಭಾಗಕ್ಕೆ ಸುತ್ತಲೂ ಕಪ್ಪು ಬಳಿದು, ಗೆರೆ ಎಳೆದು, ಪ್ರತಿ ಮಗುವಿಗೂ ಅದರ ಎತ್ತರಕ್ಕೆ ಒಂದು ಹಲಗೆ ಮಾಡಿರುತ್ತಾರೆ. ತಲೆಯ ಮೇಲೆ ಅಡ್ಡಡ್ಡ ಕಟ್ಟಿದ ದಾರಗಳು ‘ಕಲಿಕಾ ಚಪ್ಪರ’. ಮಕ್ಕಳು ಬರೆದದ್ದು, ಬಿಡಿಸಿದ್ದು, ಕತ್ತರಿಸಿ ಅಂಟಿಸಿದ್ದು ಅದಕ್ಕೆ ತೂಗುತ್ತದೆ. ಹವಾಮಾನ ನಕ್ಷೆಯಲ್ಲಿ ಇವತ್ತು ಬಿಸಿಲೋ ಮೋಡವೋ ಎಂದು ಗುರುತು ಹಾಕುವುದು ಮಗುವಿನದೇ ಕೆಲಸ. ಟ್ರೇಯಲ್ಲಿ ಹುಣಸೆಬೀಜ, ಕಲ್ಲು, ಕಡ್ಡಿಗಳ ಕಟ್ಟು. ಕಾರ್ಡಿನ ಮೇಲೆ ಒಂದು ಚಿತ್ರಗುರುತು. ಓದಲು ಬಾರದ ಮಗುವೂ ಅದನ್ನು ನೋಡಿ ತನ್ನ ಕಾರ್ಡು ಯಾವುದೆಂದು ತಿಳಿಯುತ್ತದೆ. ನೆಲದ ಮೇಲೆ ಗುಂಪುಗಳು, ಅವಕ್ಕೆ ‘ತಟ್ಟೆ’ ಎಂದೇ ಹೆಸರು. ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಅಷ್ಟಿಷ್ಟು, ಮತ್ತೊಂದರಲ್ಲಿ ಜೊತೆಯ ಮಕ್ಕಳೇ ಹೇಳಿಕೊಡುತ್ತಾರೆ, ಕೊನೆಯದರಲ್ಲಿ ಮಗು ಒಂಟಿಯಾಗಿ ಮಾಡುತ್ತದೆ. ಮೇಡಂ ಮೊದಲ ತಟ್ಟೆಯ ಮಕ್ಕಳ ನಡುವೆ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆಯೇ ಕೂತಿರುತ್ತಾರೆ. ಕೊಡಗಿನಿಂದ ಮರಳಿದ ಮಗು ಏಣಿಯಲ್ಲಿ ತಾನು ನಿಂತಿದ್ದ ಮೆಟ್ಟಿಲಿನಿಂದಲೇ ಮತ್ತೆ ಹೊರಡುತ್ತದೆ. ಹಾಜರಿ ಪುಸ್ತಕಕ್ಕೆ ಅದು ಗೈರು, ಏಣಿಗೆ ಅಲ್ಲ.

ಇಷ್ಟು ಚೆನ್ನಾಗಿರುವುದು ಎಲ್ಲ ಮಕ್ಕಳಿಗೂ ಸಿಗಲಿ ಎಂದು ಸರ್ಕಾರ ಬಯಸಿದ್ದು ಸಹಜ. ತಮಿಳುನಾಡಿನಲ್ಲಿ ಐಎಎಸ್ ಅಧಿಕಾರಿ ಎಂ.ಪಿ. ವಿಜಯಕುಮಾರ್ 2003ರಲ್ಲಿ ಚೆನ್ನೈ ಪಾಲಿಕೆಯ ಶಾಲೆಗಳಲ್ಲಿ ಇದೇ ಬೇರಿನ ಪದ್ಧತಿಯನ್ನು ಶುರುಮಾಡಿದರು. 2007ರ ಹೊತ್ತಿಗೆ ಅದು ಆ ರಾಜ್ಯದ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆಲ್ಲ ಹರಡಿತು. ಕರ್ನಾಟಕದಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಮತ್ತು ಜನಶಾಲಾ ಯೋಜನೆಗಳ ಮೂಲಕ ನಲಿ-ಕಲಿ ಹಂತಹಂತವಾಗಿ ಬೆಳೆದು, 2009-10ರಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೆ, ಆಮೇಲೆ ಮೂರನೆಯ ತರಗತಿಗೆ ಬಂತು. ಶಿಕ್ಷಣ ಹಕ್ಕು ಕಾಯ್ದೆ ಅಂಗೀಕಾರವಾದದ್ದೂ 2009ರಲ್ಲೇ. ಮಗು ಚಟುವಟಿಕೆ, ಅನ್ವೇಷಣೆ, ಶೋಧನೆಗಳ ಮೂಲಕ ಕಲಿಯಬೇಕು ಎಂದು ಅದರ 29ನೆಯ ಕಲಮು ಹೇಳುತ್ತದೆ. ಹೆಗ್ಗಡದೇವನಕೋಟೆಯ ಮೇಷ್ಟರು ಅದಕ್ಕೂ ಹದಿನಾಲ್ಕು ವರ್ಷ ಮೊದಲೇ ಅದನ್ನು ಮಾಡತೊಡಗಿದ್ದರು.

ತೊಡಕು ಬಂದದ್ದು ಇಲ್ಲಿಂದ ಮುಂದೆ. ಕಾರ್ಡುಗಳು ಅಚ್ಚಾಗಿ ಕಟ್ಟುಕಟ್ಟಾಗಿ ಶಾಲೆಗೆ ಬಂದವು. ಅವನ್ನು ಬರೆಯುವಾಗ ನಡೆದಿದ್ದ ಚರ್ಚೆ ಆ ಕಟ್ಟಿನೊಳಗೆ ಬರಲಿಲ್ಲ. ಈ ಚಟುವಟಿಕೆ ಇಲ್ಲೇಕೆ ಇದೆ, ಮಗುವಿಗೆ ಹಿಡಿಸದಿದ್ದರೆ ಅದನ್ನು ಹೇಗೆ ಬದಲಾಯಿಸಬಹುದು ಎಂಬುದು ಹೊಸ ಶಿಕ್ಷಕಿಗೆ ಕೆಲವು ದಿನಗಳ ತರಬೇತಿಯಲ್ಲಿ ದಕ್ಕುವ ಸಂಗತಿಯಲ್ಲ. ಅವರು ಕಾರ್ಡಿನ ಸಂಖ್ಯೆ ನೋಡಿ ಕಾರ್ಡು ಕೊಟ್ಟರು, ಮಗುವಿನ ಕಲಿಕೆಯನ್ನು ದಾಖಲಿಸುವ ‘ಪ್ರಗತಿ ನೋಟ’ದಲ್ಲಿ ಗುರುತು ಹಾಕಿದರು. ಒಂದು ಕಾರ್ಡು ಹರಿದರೆ ಏಣಿಯ ಒಂದು ಮೆಟ್ಟಿಲೇ ಇಲ್ಲವಾಯಿತು, ಏಕೆಂದರೆ ಇನ್ನೊಂದನ್ನು ಬರೆದುಕೊಳ್ಳುವ ಅಧಿಕಾರ ತಮಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮಗುವಿನ ಕೈಯಲ್ಲಿ ಪುಸ್ತಕ ಕಾಣದ ತಂದೆತಾಯಿಗಳಿಗೆ ಆತಂಕ. ನಲಿ-ಕಲಿ ಮುಗಿಸಿ ನಾಲ್ಕನೆಯ ತರಗತಿಗೆ ಹೋದ ಮಗುವಿಗೆ ಪಠ್ಯಪುಸ್ತಕ, ಬೆಂಚು, ಪರೀಕ್ಷೆ ಒಟ್ಟಿಗೇ ಎದುರಾದವು.

ಗ್ರಾಮೀಣ ಕರ್ನಾಟಕದ ಶಾಲೆಗಳಲ್ಲಿ ಕ್ಷೇತ್ರಕಾರ್ಯ ಮಾಡಿ ಶಿಕ್ಷಣ ಸಂಶೋಧಕರಾದ ಆರತಿ ಶ್ರೀಪ್ರಕಾಶ್ 2012ರಲ್ಲಿ ಪ್ರಕಟಿಸಿದ ಗ್ರಂಥ ಈ ಬಿಕ್ಕಟ್ಟನ್ನು ವಿವರವಾಗಿ ಪರಿಶೀಲಿಸಿದೆ. ಮಕ್ಕಳಿಗೆ ಸ್ವಾತಂತ್ರ್ಯ ಕೊಡಿ ಎನ್ನುವ ವ್ಯವಸ್ಥೆಯೇ ಶಿಕ್ಷಕರನ್ನು ಗುರಿ, ದಾಖಲೆ, ತಪಾಸಣೆಗಳಲ್ಲಿ ಕಟ್ಟಿಹಾಕಿದಾಗ ಹುಟ್ಟುವ ಎಳೆದಾಟ ಅದರ ಮುಖ್ಯ ಕಾಳಜಿಗಳಲ್ಲೊಂದು. ಶಿಕ್ಷಕರ ಸೋಮಾರಿತನದಿಂದ ನಲಿ-ಕಲಿ ಕೆಟ್ಟಿತು ಎಂಬ ಮಾತು ಕಚೇರಿಗಳಲ್ಲಿ ಸುಲಭವಾಗಿ ಬರುತ್ತದೆ. ಅದು ಅನ್ಯಾಯದ ಮಾತು. ಸೃಷ್ಟಿಯ ಕೆಲಸವನ್ನು ಅವರ ಕೈಯಿಂದ ತೆಗೆದು ವಿತರಣೆಯ ಕೆಲಸ ಕೊಟ್ಟದ್ದು ವ್ಯವಸ್ಥೆ.

ಅಚ್ಚಾದ ಸಾಮಗ್ರಿಯೇ ಬೇಡ ಎಂದು ಇದರ ಅರ್ಥವಲ್ಲ. ಸಾವಿರಾರು ಶಾಲೆಗಳಿಗೆ ಕೈಬರಹದ ಕಾರ್ಡು ಸಾಲದು. ಅಕ್ಷರ ಫೌಂಡೇಶನ್ ಎಂಬ ಸ್ವಯಂಸೇವಾ ಸಂಸ್ಥೆ ಸರ್ಕಾರದ ಜೊತೆಗೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು ಮತ್ತು ಐದನೆಯ ತರಗತಿಗೆ ಅಬ್ಯಾಕಸ್, ಗಡಿಯಾರ, ಸ್ಥಾನಬೆಲೆಯ ಪಟ್ಟಿಗಳಂಥ ವಸ್ತುಗಳ ಒಂದು ಕಿಟ್ ಕೊಟ್ಟಿತು. ನಲಿ-ಕಲಿ ನಿಲ್ಲುವ ಕಡೆಯಿಂದ ಮಗುವಿನ ಕೈಗೆ ಮತ್ತೆ ವಸ್ತು ಕೊಡುವ ಪ್ರಯತ್ನವೆಂದು ಅದಕ್ಕೆ ಬೆಲೆ ಇದೆ. ಆ ಪೆಟ್ಟಿಗೆ ಬೀರುವಿನಲ್ಲಿ ಬೀಗದೊಳಗೆ ಇರುತ್ತದೋ ನೆಲದ ಮೇಲೆ ಹರಡಿಕೊಳ್ಳುತ್ತದೋ ಎಂಬುದು ಮಾತ್ರ ಶಿಕ್ಷಕಿ ಅದನ್ನು ತನ್ನದೆಂದು ಭಾವಿಸಿದ್ದಾಳೆಯೇ ಎಂಬುದರ ಮೇಲೆ ನಿಂತಿದೆ. ಒಡೆದು ಹೋದೀತು, ಲೆಕ್ಕ ಕೊಡಬೇಕಾದೀತು ಎಂಬ ಭಯ ಇರುವ ಕಡೆ ಯಾವ ಕಿಟ್ಟೂ ಹೊರಗೆ ಬರುವುದಿಲ್ಲ. ಉಪಯೋಗಿಸಿ ಸವೆದ ಸಾಮಗ್ರಿಗೆ ಶಿಕ್ಷಕರಿಂದ ವಿವರಣೆ ಕೇಳುವುದನ್ನು ಇಲಾಖೆ ಮೊದಲು ನಿಲ್ಲಿಸಬೇಕು.

ಹಳೆಯ ಕೆಲಸವನ್ನು ಮತ್ತೆ ಹಿಡಿಯಲು ಹೊಸ ಯೋಜನೆ ಬೇಕಿಲ್ಲ. ಅಕ್ಕಪಕ್ಕದ ಶಾಲೆಗಳನ್ನು ಸೇರಿಸಿದ ಕ್ಲಸ್ಟರ್ ಮಟ್ಟದಲ್ಲಿ ಶಿಕ್ಷಕರ ಸಮಾಲೋಚನಾ ಸಭೆಗಳು ಈಗಾಗಲೇ ಇವೆ. ಸುತ್ತೋಲೆ ಓದಿ ಅಂಕಿಅಂಶ ತುಂಬುವುದರಲ್ಲೇ ಆ ದಿನ ಕಳೆದುಹೋಗದಂತೆ ನೋಡಿಕೊಂಡು, ಆ ತಿಂಗಳು ಯಾವ ಚಟುವಟಿಕೆ ಮಕ್ಕಳಿಗೆ ಹಿಡಿಸಲಿಲ್ಲ ಎಂದು ಚರ್ಚಿಸಿ ಅಲ್ಲೇ ಹೊಸ ಕಾರ್ಡು ಬರೆದರೆ ಹೆಗ್ಗಡದೇವನಕೋಟೆಯ ಕಾರ್ಯಾಗಾರ ಪ್ರತಿ ಕ್ಲಸ್ಟರಿನಲ್ಲೂ ನಡೆದಂತೆ. ಹಾಡಿಯ ಮಗುವಿಗೆ ಜೇನಿನ ಲೆಕ್ಕ, ಕರಾವಳಿಯ ಮಗುವಿಗೆ ಮೀನಿನ ಬುಟ್ಟಿ, ರಾಯಚೂರಿನ ಮಗುವಿಗೆ ಭತ್ತದ ಚೀಲ ಬರಬೇಕಾದದ್ದು ಅಲ್ಲಿಂದಲೇ.

ಇನ್ನೊಂದು ಕೆಲಸಕ್ಕೆ ತಡಮಾಡುವಂತಿಲ್ಲ. 1995ರಲ್ಲಿ ಕಾರ್ಡು ಬರೆದ ಶಿಕ್ಷಕ ಶಿಕ್ಷಕಿಯರಲ್ಲಿ ಅನೇಕರಿಗೆ ಈಗ ನಿವೃತ್ತಿಯ ವಯಸ್ಸು. ಆ ಮೊದಲ ಕರಡುಗಳು, ತಿದ್ದಿದ ಏಣಿಗಳು, ಕಟ್ಟಿದ ಹಾಡಿನ ಹಾಳೆಗಳು ಯಾರದಾದರೂ ಮನೆಯ ಅಟ್ಟದಲ್ಲಿ, ಶಾಲೆಯ ಹಳೆಯ ಟ್ರಂಕಿನಲ್ಲಿ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮೈಸೂರಿನ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಾದ ಡಯಟ್‌ಗೋ ಪ್ರಾದೇಶಿಕ ಶಿಕ್ಷಣ ಸಂಸ್ಥೆಗೋ ಒಪ್ಪಿಸಿ. ಶಿಕ್ಷಣಶಾಸ್ತ್ರದ ಸಂಶೋಧಕರು ಹೆಗ್ಗಡದೇವನಕೋಟೆಗೆ ಹೋಗಿ ಆ ಮೇಷ್ಟರುಗಳ ಮಾತನ್ನು ಧ್ವನಿಮುದ್ರಿಸಿಕೊಳ್ಳಲಿ.