ಶಾಲೆಯ ಇಟ್ಟಿಗೆಗೆ ಲೆಕ್ಕ ಕೇಳಿದವರು



ಸಟನ್ ಕಡೆ ಮನೆ ಹುಡುಕುವ ನಮ್ಮವರು ಬಾಡಿಗೆ ಎಷ್ಟೆಂದು ಕೇಳುವ ಮೊದಲು ಶಾಲೆ ಯಾವುದೆಂದು ಕೇಳುತ್ತಾರೆ. ವಿಲ್ಸನ್ಸ್, ಸಟನ್ ಗ್ರಾಮರ್, ನಾನ್‌ಸಚ್, ವಾಲಿಂಗ್ಟನ್‌ನ ಎರಡು ಶಾಲೆಗಳು: ಈ ಐದು ಗ್ರಾಮರ್ ಶಾಲೆಗಳ ಹೆಸರು ಎಷ್ಟೋ ಮನೆಗಳಲ್ಲಿ ವೀಸಾ ಕೈಗೆ ಬರುವ ಮುಂಚೆಯೇ ಬಾಯಿಪಾಠವಾಗಿರುತ್ತದೆ. ಪ್ರವೇಶ ಪರೀಕ್ಷೆ, ಟ್ಯೂಷನ್, ಅಂಕ ಇವುಗಳ ಮಾತು ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮುಗಿಯುವುದೇ ಇಲ್ಲ. ಈ ಕಟ್ಟಡಗಳನ್ನು ಯಾರ ದುಡ್ಡಿನಲ್ಲಿ ಕಟ್ಟಿದರು, ಆ ದುಡ್ಡು ಖರ್ಚಾಗುವಾಗ ಯಾರಾದರೂ ಎದ್ದು ನಿಂತು ಪ್ರಶ್ನೆ ಕೇಳಿದರೇ ಎಂಬ ಮಾತು ಮಾತ್ರ ಅಲ್ಲಿ ಬರುವುದಿಲ್ಲ. ನಾನು ಚಾರ್ಟರ್ಡ್ ಅಕೌಂಟೆಂಟ್. ಇತಿಹಾಸ ನನ್ನ ವೃತ್ತಿಯಲ್ಲ. ಹಾಗಾಗಿ ಲೆಕ್ಕದ ಪುಸ್ತಕದ ಬಾಗಿಲಿನಿಂದಲೇ ಈ ಚರಿತ್ರೆಯೊಳಗೆ ಹೋಗುತ್ತೇನೆ.

ಒಬ್ಬ ಆಡಿಟರ್‌ನಿಂದ ಶುರುಮಾಡೋಣ. ಹೆಸರು ಕಾಕರ್ಟನ್. ಇಂಗ್ಲೆಂಡಿನಲ್ಲಿ 1870ರ ಕಾಯ್ದೆಯ ನಂತರ ಶಾಲೆಗಳನ್ನು ಕಟ್ಟಿ ನಡೆಸಲು ಊರೂರಿಗೆ ಸ್ಕೂಲ್ ಬೋರ್ಡುಗಳು ಬಂದವು. ಜನರೇ ಆರಿಸಿದ ಬೋರ್ಡುಗಳು. ಸಂಸತ್ ಚುನಾವಣೆಯಲ್ಲಿ ಹೆಂಗಸರಿಗೆ ಮತವಿಲ್ಲದ ಕಾಲದಲ್ಲೂ ಈ ಬೋರ್ಡುಗಳಿಗೆ ಅವರು ಮತ ಹಾಕಬಹುದಿತ್ತು, ಸದಸ್ಯರೂ ಆಗಬಹುದಿತ್ತು. ಖರ್ಚಿಗೆ ದುಡ್ಡು ಮನೆ-ಆಸ್ತಿಯ ಮೇಲಿನ ಸ್ಥಳೀಯ ತೆರಿಗೆಯಿಂದ ಬರುತ್ತಿತ್ತು. ಲೆಕ್ಕ ನೋಡಲು ಸರ್ಕಾರದ ಜಿಲ್ಲಾ ಆಡಿಟರ್ ಬರುತ್ತಿದ್ದ. ಕಾನೂನಿನಲ್ಲಿ ಅವಕಾಶವಿಲ್ಲದ ಖರ್ಚು ಕಂಡರೆ ಅದನ್ನು ತಳ್ಳಿಹಾಕಿ, ಮಂಜೂರು ಮಾಡಿದ ಸದಸ್ಯರೇ ಕೈಯಿಂದ ಕಟ್ಟಬೇಕೆಂದು ಬರೆಯುವ ಅಧಿಕಾರ ಅವನಿಗಿತ್ತು. ಇದಕ್ಕೆ ಸರ್ಚಾರ್ಜ್ ಎಂದು ಹೆಸರು. ಲಂಡನ್ ಸ್ಕೂಲ್ ಬೋರ್ಡು ಪ್ರಾಥಮಿಕ ಶಿಕ್ಷಣಕ್ಕೆಂದು ಎತ್ತಿದ ತೆರಿಗೆಯಿಂದ ವಿಜ್ಞಾನ ಮತ್ತು ಕಲೆಯ ಮೇಲ್ದರ್ಜೆಯ ತರಗತಿಗಳನ್ನು ನಡೆಸುತ್ತಿತ್ತು. ಒಂದು ಕಲಾಶಾಲೆಯ ಕಡೆಯಿಂದ ದೂರು ಬಂತು. ಕಾಕರ್ಟನ್ 1899ರಲ್ಲಿ ಆ ಖರ್ಚನ್ನು ಒಪ್ಪಲಿಲ್ಲ. ಬೋರ್ಡು ಕೋರ್ಟಿಗೆ ಹೋಯಿತು. 1900ರಲ್ಲಿ ಸೋತಿತು, 1901ರಲ್ಲಿ ಮೇಲ್ಮನವಿಯಲ್ಲೂ ಸೋತಿತು.

ಕಾನೂನಿನ ಪ್ರಕಾರ ಕಾಕರ್ಟನ್ ಸರಿ. ಆದರೆ ಅವನು ತಳ್ಳಿಹಾಕಿದ್ದು ಬಡವರ ಮಕ್ಕಳು ಓದುತ್ತಿದ್ದ ತರಗತಿಗಳನ್ನು. ನಮ್ಮ ವೃತ್ತಿಯವರು ಈ ಕತೆಯನ್ನು ಹೆಮ್ಮೆಯಿಂದ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಅಲ್ಲದೆ ಆ ಆಕ್ಷೇಪಣೆಯ ಹಿಂದೆ ಸ್ಕೂಲ್ ಬೋರ್ಡುಗಳು ತೊಲಗಲಿ ಎಂದು ಕಾಯುತ್ತಿದ್ದ ದೊಡ್ಡ ಅಧಿಕಾರಿಗಳಿದ್ದರು. ಮರುವರ್ಷ, 1902ರ ಶಿಕ್ಷಣ ಕಾಯ್ದೆ ಬೋರ್ಡುಗಳನ್ನೇ ರದ್ದುಮಾಡಿ ಶಾಲೆಗಳನ್ನು ಕೌಂಟಿ ಮತ್ತು ಪಟ್ಟಣಗಳ ಕೌನ್ಸಿಲ್‌ಗಳಿಗೆ ಕೊಟ್ಟಿತು.

ಸಟನ್ ಆಗ ಲಂಡನ್ನಿನ ಭಾಗವಲ್ಲ, ಸರ್ರೆ ಕೌಂಟಿಯ ಊರು. ಕೌಂಟಿಯ ಕಚೇರಿ ಕಿಂಗ್‌ಸ್ಟನ್‌ನಲ್ಲಿ. ವಾಲಿಂಗ್ಟನ್ ಕೌಂಟಿ ಗ್ರಾಮರ್ 1927ರಲ್ಲಿ, ಚೀಮ್‌ನ ನಾನ್‌ಸಚ್ ಹೆಣ್ಣುಮಕ್ಕಳ ಶಾಲೆ 1938ರಲ್ಲಿ ಶುರುವಾದದ್ದು ಆ ಕಾಲದಲ್ಲಿ. ಇಂದು ನಮ್ಮ ಮಕ್ಕಳು ಬಸ್ಸಿಳಿದು ಒಳಹೋಗುವ ಶಾಲೆಗಳ ಹಣೆಬರಹವನ್ನು ಮೊದಲು ಬರೆದದ್ದು ಇಲ್ಲಿಂದ ಮೈಲಿಗಟ್ಟಲೆ ದೂರದ ಮೇಜಿನ ಮೇಲೆ.

ಈ ದೂರದ ಸಂಗತಿ ನಮಗೆ ಹೊಸದಲ್ಲ. ಹಳೆಯ ಮೈಸೂರು ಸಂಸ್ಥಾನದಲ್ಲೂ ಇದೇ ಹಗ್ಗಜಗ್ಗಾಟ ನಡೆದಿತ್ತು. 1930ರ ದಶಕದ ಆರಂಭದಲ್ಲಿ ಪ್ರಾಥಮಿಕ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿದರು. ಹತ್ತು ವರ್ಷ ಕಳೆದು 1941ರ ಕಾಯ್ದೆಯಿಂದ ಸರ್ಕಾರವೇ ಅವನ್ನು ವಾಪಸ್ ತೆಗೆದುಕೊಂಡಿತು. ಮುಂದೆ ಅಬ್ದುಲ್ ನಜೀರ್ ಸಾಬ್ ಅವರ ಕಾಲದ ಜಿಲ್ಲಾ ಪರಿಷತ್ತುಗಳು ಬಂದವು. 2001ರಲ್ಲಿ ರಾಜಾ ರಾಮಣ್ಣ ಕಾರ್ಯಪಡೆಯ ಶಿಫಾರಸಿನಂತೆ ಎಸ್‌ಡಿಎಂಸಿಗಳು ಬಂದವು. ಮಕ್ಕಳ ಅಪ್ಪ-ಅಮ್ಮಂದಿರೇ ಕೂತು ಶಾಲೆಯ ಕೊಠಡಿ, ಕಾಂಪೌಂಡು, ಶೌಚಾಲಯಗಳ ದುಡ್ಡಿನ ಬಗ್ಗೆ ಕೇಳುವ ಜಾಗ ಅದು. ಅದರಲ್ಲಿ ರಾಜಕೀಯವಿಲ್ಲವೇ ಎಂದರೆ ಬೇಕಾದಷ್ಟಿದೆ. ಆದರೂ ಗೋಡೆ ಬಿರುಕುಬಿಟ್ಟರೆ ಯಾರ ಮನೆಗೆ ಹೋಗಿ ಕೇಳಬೇಕೆಂದು ಊರಿನವರಿಗೆ ಗೊತ್ತಿರುತ್ತದೆ.

ಸಟನ್‌ಗೆ ಆ ಭಾಗ್ಯ ಬಂದದ್ದು 1965ರ ಏಪ್ರಿಲ್ 1ರಂದು. ಸಟನ್-ಚೀಮ್, ಬೆಡಿಂಗ್ಟನ್-ವಾಲಿಂಗ್ಟನ್, ಕಾರ್ಶಾಲ್ಟನ್ ಮೂರೂ ಸೇರಿ ಲಂಡನ್ನಿನ ಹೊಸ ಬರೋ ಆದವು. ಒಳ ಲಂಡನ್ನಿಗೆ ಒಂದೇ ಶಿಕ್ಷಣ ಪ್ರಾಧಿಕಾರ. ಹೊರ ಲಂಡನ್ನಿನ ಬರೋಗಳಿಗೆ ಮಾತ್ರ ಒಂದೊಂದಕ್ಕೂ ಸ್ವಂತ ಶಾಲಾಧಿಕಾರ. ಈ ವ್ಯತ್ಯಾಸದ ದೊಡ್ಡ ಫಲವೇ ವಿಲ್ಸನ್ಸ್. 1615ರಿಂದ ಕ್ಯಾಂಬರ್‌ವೆಲ್‌ನಲ್ಲಿದ್ದ ಶಾಲೆ ಅದು. ಒಳ ಲಂಡನ್ನಿನ ಪ್ರಾಧಿಕಾರ ಆಯ್ಕೆ ಪರೀಕ್ಷೆಯಿಲ್ಲದ ಶಾಲೆಗಳ ಕಡೆ ಹೊರಟಾಗ ಆಡಳಿತ ಮಂಡಳಿ ಗಂಟುಮೂಟೆ ಕಟ್ಟಿತು. 1975ರಲ್ಲಿ ವಾಲಿಂಗ್ಟನ್‌ಗೆ ಬಂದು, ಮುಚ್ಚಿಹೋಗಿದ್ದ ಕ್ರಾಯ್ಡನ್ ವಿಮಾನ ನಿಲ್ದಾಣದ ಮೈದಾನದ ಒಂದು ಭಾಗದಲ್ಲಿ ಹೊಸ ಕಟ್ಟಡ ಹೂಡಿತು. ಸಟನ್ ಗ್ರಾಮರ್ ಪದ್ಧತಿಯನ್ನು ಬಿಡದೆ ಇಟ್ಟುಕೊಂಡಿದ್ದರಿಂದ ಅದಕ್ಕೆ ಇಲ್ಲಿ ನೆಲೆ ಸಿಕ್ಕಿತು. ಆ ನಿಲುವು ಸರಿಯೇ ಎಂಬುದು ಬೇರೆ ವಾದ. ನಮ್ಮಲ್ಲಿ ಹಲವರು ಅದರ ಫಲ ಉಂಡವರಾದ್ದರಿಂದ ನಿಷ್ಪಕ್ಷಪಾತವಾಗಿ ವಾದ ಮಾಡುವುದೂ ಕಷ್ಟ.

ಆ ಕಾಲದ ಕೌನ್ಸಿಲ್‌ಗಳು ಸಮಿತಿಗಳ ಮೂಲಕ ನಡೆಯುತ್ತಿದ್ದವು. ಎಲ್ಲ ಪಕ್ಷದವರೂ ಇರುವ ಶಿಕ್ಷಣ ಸಮಿತಿಯ ಮುಂದೆ ಪ್ರಸ್ತಾಪ ಬರಬೇಕು, ಚರ್ಚೆಯಾಗಬೇಕು, ಕೈ ಎತ್ತಬೇಕು. ಇಂಥ ಸಭೆಗಳ ಬಾಗಿಲನ್ನು ಪತ್ರಕರ್ತರಿಗೂ ಜನರಿಗೂ ತೆರೆಸಿದ್ದು 1960ರ ಒಂದು ಖಾಸಗಿ ಸದಸ್ಯರ ಮಸೂದೆ. ಅದನ್ನು ತಂದವರು ಆಗಷ್ಟೇ ಸಂಸತ್ತಿಗೆ ಬಂದಿದ್ದ ಮಾರ್ಗರೆಟ್ ಥ್ಯಾಚರ್. ಮುಂದೆ ಕೌನ್ಸಿಲ್‌ಗಳ ರೆಕ್ಕೆ ಕತ್ತರಿಸಿದ್ದೂ ಅವರೇ. 1985ರ ಕಾಯ್ದೆ ಸಭೆಗೆ ಮೊದಲೇ ಕಾರ್ಯಸೂಚಿಯನ್ನೂ ವರದಿಗಳನ್ನೂ ಅವುಗಳ ಹಿಂದಿನ ಕಾಗದಗಳನ್ನೂ ನೋಡುವ ಹಕ್ಕು ಕೊಟ್ಟಿತು. 1988ರ ಶಿಕ್ಷಣ ಕಾಯ್ದೆ ಶಾಲೆಗಳು ಕೌನ್ಸಿಲ್ ಕೈಯಿಂದ ಹೊರಬರಲು ದಾರಿ ಮಾಡಿತು. ಕಾಗದ ನೋಡುವ ಹಕ್ಕು ಬಂತು, ನೋಡಬೇಕಾದ ಕಾಗದವೇ ಕೌನ್ಸಿಲ್ ಕಚೇರಿಯಿಂದ ಕಡಿಮೆಯಾಗುತ್ತ ಹೋಯಿತು.

2000ದ ಸ್ಥಳೀಯ ಸರ್ಕಾರ ಕಾಯ್ದೆ ಸಮಿತಿಗಳ ಜಾಗಕ್ಕೆ ನಾಯಕ ಮತ್ತು ಕ್ಯಾಬಿನೆಟ್ ಪದ್ಧತಿ ತಂದಿತು. ಕೆಲವರು ತೀರ್ಮಾನ ಮಾಡುವುದು, ಉಳಿದವರು ಪರಿಶೀಲನಾ ಸಮಿತಿಯಲ್ಲಿ ಕೂತು ಪ್ರಶ್ನೆ ಕೇಳುವುದು. ಬೇಕಾದರೆ ತೀರ್ಮಾನ ಜಾರಿಯಾಗುವ ಮೊದಲು ಕೆಲವು ದಿನ ತಡೆದು ಮತ್ತೆ ನೋಡಿ ಎನ್ನಬಹುದು. ಇದಕ್ಕೆ ಕಾಲ್-ಇನ್ ಎನ್ನುತ್ತಾರೆ. ತಡೆಯಬಹುದು, ಬದಲಿಸುವಂತಿಲ್ಲ. ಸರ್ಚಾರ್ಜ್ ಹೋದದ್ದೂ ಇದೇ ಕಾಯ್ದೆಯಿಂದ. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇರುವ ಲ್ಯಾಂಬೆತ್ ಬರೋದಲ್ಲಿ 1980ರ ದಶಕದ ಮಧ್ಯದಲ್ಲಿ ತೆರಿಗೆ ನಿಗದಿಯನ್ನು ಬೇಕೆಂದೇ ತಡಮಾಡಿದ ಕೌನ್ಸಿಲರ್‌ಗಳು ಸರ್ಚಾರ್ಜ್ ತೆತ್ತು ಸ್ಥಾನ ಕಳೆದುಕೊಂಡಿದ್ದರು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರ ಮೇಲೂ ಭಂಡಾರದ ದುಡ್ಡಿನ ದೂರು ಬಂದು, ಲೆಕ್ಕ ಒಪ್ಪಿಸಿ ಗೆದ್ದ ಕತೆ ನಮ್ಮ ಪುರಾಣಗಳಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ನನಗೆ ಈ ಎರಡೂ ಒಟ್ಟಿಗೆ ನೆನಪಾಗುತ್ತವೆ. ವೃತ್ತಿಯ ಚಟ, ಏನು ಮಾಡುವುದು.

ಇನ್ನು ನಮ್ಮ ಕಾಲಕ್ಕೆ ಬರೋಣ. ಲೇಬರ್ ಸರ್ಕಾರ 2003ರಲ್ಲಿ ಘೋಷಿಸಿದ ‘ಬಿಲ್ಡಿಂಗ್ ಸ್ಕೂಲ್ಸ್ ಫಾರ್ ದ ಫ್ಯೂಚರ್’ ಯೋಜನೆಯ ಗುರಿ ಇಂಗ್ಲೆಂಡಿನ ಎಲ್ಲ ಪ್ರೌಢಶಾಲೆಗಳನ್ನೂ ಹೊಸದಾಗಿ ಕಟ್ಟುವುದು ಇಲ್ಲವೇ ದುರಸ್ತಿ ಮಾಡುವುದು. 2009ರಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಇದರ ಖರ್ಚನ್ನು 52ರಿಂದ 55 ಬಿಲಿಯನ್ ಪೌಂಡ್ ಎಂದು ಅಂದಾಜಿಸಿತು. ಸಟನ್‌ನಲ್ಲಿ ಇದರ ಗುರುತು ಕಾರ್ಶಾಲ್ಟನ್‌ನ ಸ್ಟ್ಯಾನ್ಲಿ ಪಾರ್ಕ್ ಹೈಸ್ಕೂಲ್. ಹಳೆಯ ಕ್ವೀನ್ ಮೇರೀಸ್ ಮಕ್ಕಳ ಆಸ್ಪತ್ರೆಯ ಜಾಗದಲ್ಲಿ ಕಟ್ಟಿ 2012ರಲ್ಲಿ ತೆರೆದದ್ದು. ಈಗ ಅದರ ಹೆಸರು ಓಕ್ಸ್ ಪಾರ್ಕ್. ಆ ಕಟ್ಟಡ ಮೇಲೇಳುವ ಹೊತ್ತಿಗೆ, 2010ರ ಜುಲೈ 5ರಂದು, ಹೊಸ ಸಚಿವ ಮೈಕಲ್ ಗೋವ್ ಯೋಜನೆಯನ್ನೇ ನಿಲ್ಲಿಸಿದರು. 715 ಶಾಲೆಗಳ ಕೆಲಸ ನಿಂತಿತು. ಯಾವ ಶಾಲೆ ಉಳಿಯಿತು, ಯಾವುದು ಹೋಯಿತು ಎಂಬ ಪಟ್ಟಿಯೇ ತಪ್ಪಾಗಿ ಬಂದು ಸಚಿವರು ಸಂಸತ್ತಿನಲ್ಲಿ ಕ್ಷಮೆ ಕೇಳಬೇಕಾಯಿತು.

ಆಗ ಲೆಕ್ಕ ಕೇಳಿದವರು ಕೌನ್ಸಿಲ್‌ಗಳು. ಲೂಟನ್, ನಾಟಿಂಗ್‌ಹ್ಯಾಮ್, ವಾಲ್ತಮ್ ಫಾರೆಸ್ಟ್, ನ್ಯೂಹ್ಯಾಮ್, ಕೆಂಟ್, ಸ್ಯಾಂಡ್‌ವೆಲ್ ಹೈಕೋರ್ಟಿಗೆ ಹೋದವು. 2011ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿ ಹೋಲ್ಮನ್, ಸಚಿವರು ಆ ಕೌನ್ಸಿಲ್‌ಗಳನ್ನು ಕೇಳದೆ ತೀರ್ಮಾನಿಸಿದ್ದು ಅಧಿಕಾರದ ದುರುಪಯೋಗವಾಗುವಷ್ಟು ಅನ್ಯಾಯ ಎಂದರು. ಮತ್ತೆ ತೆರೆದ ಮನಸ್ಸಿನಿಂದ ಪರಿಶೀಲಿಸಬೇಕೆಂದರು. ಕಟ್ಟಲೇಬೇಕು ಎನ್ನಲಿಲ್ಲ. ಸಚಿವರು ಮತ್ತೆ ಪರಿಶೀಲಿಸಿದರು, ಇಲ್ಲವೆಂದರು. ಗೆದ್ದರೂ ಶಾಲೆ ಸಿಗಲಿಲ್ಲ.

ಅದೇ ವರ್ಷದ ಶಿಕ್ಷಣ ಕಾಯ್ದೆ ಇನ್ನೊಂದು ಮಾತು ಸೇರಿಸಿತು. ಹೊಸ ಶಾಲೆ ಬೇಕೆಂದು ಕೌನ್ಸಿಲ್‌ಗೆ ಅನಿಸಿದರೆ ಅದು ಮೊದಲು ಅಕಾಡೆಮಿ ನಡೆಸುವವರನ್ನು ಆಹ್ವಾನಿಸಬೇಕು. ಆದರೆ ಪ್ರತಿ ಮಗುವಿಗೂ ಶಾಲೆಯಲ್ಲಿ ಜಾಗ ಒದಗಿಸುವ ಹೊಣೆ 1996ರ ಕಾಯ್ದೆಯಂತೆ ಕೌನ್ಸಿಲ್‌ನ ಮೇಲೇ ಉಳಿಯಿತು. ಸೊಸೆಗೆ ಅಡುಗೆಯ ಹೊಣೆ, ಉಗ್ರಾಣದ ಬೀಗದ ಕೈ ಮಾತ್ರ ಅತ್ತೆಯ ಸೊಂಟದಲ್ಲಿ. ಬೆಲ್ಮಾಂಟ್‌ನಲ್ಲಿ ಹಳೆಯ ಸಟನ್ ಆಸ್ಪತ್ರೆಯ ಜಾಗದಲ್ಲಿ ಎದ್ದ ಹ್ಯಾರಿಸ್ ಅಕಾಡೆಮಿ ಸಟನ್ ಈ ಹೊಸ ಏರ್ಪಾಡಿನ ಕೂಸು. 2018ರಲ್ಲಿ ಶುರುವಾಯಿತು. ಬಹಳ ಕಡಿಮೆ ಇಂಧನದಲ್ಲಿ ಬೆಚ್ಚಗಿರುವ ‘ಪ್ಯಾಸಿವ್‌ಹೌಸ್’ ಮಾದರಿಯ ಮೊದಲ ಬ್ರಿಟಿಷ್ ಪ್ರೌಢಶಾಲೆ ಎಂದು ಹೆಸರಾಯಿತು. ಕಟ್ಟಡ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನಾನು ನೋಡುವುದು ಅದರ ಲೆಕ್ಕ ಯಾರ ಪುಸ್ತಕದಲ್ಲಿ ಕೂರುತ್ತದೆ ಎಂದು.

ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಕೌನ್ಸಿಲ್‌ನ ಶಾಲೆಯೊಂದು ಅಕಾಡೆಮಿಯಾದಾಗ ಸಾಮಾನ್ಯವಾಗಿ ಅದರ ನೆಲ ಮತ್ತು ಕಟ್ಟಡವನ್ನು 125 ವರ್ಷಕ್ಕೆ ಹೆಸರಿಗಷ್ಟೇ ಬಾಡಿಗೆ ಇಟ್ಟು ಟ್ರಸ್ಟಿಗೆ ಲೀಸ್ ಕೊಡುತ್ತಾರೆ. ಕೌನ್ಸಿಲ್‌ನ ಆಸ್ತಿಪಟ್ಟಿಯಿಂದ ಆ ಕಟ್ಟಡ ಹೋಗುತ್ತದೆ. ಪ್ರತಿಯಾಗಿ ಬಂದದ್ದು ಶೂನ್ಯ, ಹಾಗಾಗಿ ಪುಸ್ತಕದಲ್ಲಿ ಅದು ನಷ್ಟವೆಂದು ಬೀಳುತ್ತದೆ. ಮೂರು ತಲೆಮಾರು ತೆರಿಗೆ ಕಟ್ಟಿ ಎಬ್ಬಿಸಿದ ಶಾಲೆಗೆ ಒಂದೇ ಸಾಲಿನ ನಮೂದು. ಮಕ್ಕಳು ಮರುದಿನವೂ ಅದೇ ಗೇಟಿನಲ್ಲಿ ಒಳಹೋಗುತ್ತಾರೆ, ಆದ್ದರಿಂದ ಯಾರಿಗೂ ಏನೂ ಆದಂತೆ ಕಾಣುವುದಿಲ್ಲ. ಆದರೆ ಪ್ರಶ್ನೆ ಕೇಳುವ ಜಾಗ ಬದಲಾಗಿರುತ್ತದೆ. ಟ್ರಸ್ಟು ಕಾನೂನಿನಲ್ಲಿ ಒಂದು ಕಂಪನಿ. ಅದರ ಲೆಕ್ಕಕ್ಕೂ ಆಡಿಟರ್ ಇದ್ದಾರೆ, ಆಗಸ್ಟ್ 31ಕ್ಕೆ ವರ್ಷ ಮುಗಿದು ವಾರ್ಷಿಕ ವರದಿ ಪ್ರಕಟವಾಗುತ್ತದೆ. ನೀವದನ್ನು ಓದಬಹುದು. ಬಿಲ್ಲು ತೋರಿಸಿ ಎಂದು ಮತದಾರರಾಗಿ ಕೇಳುವಂತಿಲ್ಲ.

ಕೌನ್ಸಿಲ್‌ನಲ್ಲಿ ಕೇಳಬಹುದು. 2014ರ ಸ್ಥಳೀಯ ಲೆಕ್ಕಪರಿಶೋಧನಾ ಕಾಯ್ದೆಯಂತೆ ವರ್ಷಕ್ಕೊಮ್ಮೆ 30 ಕೆಲಸದ ದಿನಗಳ ಕಾಲ ಆ ವರ್ಷದ ಲೆಕ್ಕ, ಕರಾರು, ಬಿಲ್ಲು, ರಸೀದಿಗಳನ್ನು ನೋಡಿ ಪ್ರತಿ ಪಡೆಯಬಹುದು. ಆ ಊರಿನ ಮತದಾರರಾದರೆ ಆಡಿಟರ್‌ಗೆ ಪ್ರಶ್ನೆ ಕೇಳಬಹುದು, ಲಿಖಿತ ಆಕ್ಷೇಪಣೆಯನ್ನೂ ಕೊಡಬಹುದು. ನಮ್ಮ ಗ್ರಾಮ ಪಂಚಾಯಿತಿಗಳ ಜಮಾಬಂದಿ ನೋಡಿದವರಿಗೆ ಇದು ಪರಿಚಿತ. ಅಲ್ಲಿ ಕಡತ ಹರಡಿಕೊಂಡು ಅಧಿಕಾರಿಗಳು ಜನರ ಎದುರು ಕೂರುತ್ತಾರೆ, ಇಲ್ಲಿ ಈಮೇಲ್ ಬರೆದು ದಿನ ಗೊತ್ತುಮಾಡಿಕೊಳ್ಳಬೇಕು. ಭಾರತ ಕಾಮನ್‌ವೆಲ್ತ್ ದೇಶವಾದ್ದರಿಂದ, ಇಲ್ಲಿ ಕಾನೂನುಬದ್ಧವಾಗಿ ನೆಲೆಸಿರುವವರು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಮತದಾರರ ಪಟ್ಟಿಗೆ ಸೇರಬಹುದು. ಕೆಲಸದ ವೀಸಾದಲ್ಲಿ ಬಂದು ಕೌನ್ಸಿಲ್ ಟ್ಯಾಕ್ಸ್ ಕಟ್ಟುತ್ತಿರುವ ಎಷ್ಟೋ ಜನ ‘ನಮಗೆಲ್ಲಿ ಓಟು’ ಎಂದುಕೊಂಡೇ ವರ್ಷಗಳನ್ನು ಕಳೆಯುತ್ತಾರೆ.

ಆದರೆ ಆ ಆಡಿಟರ್ ಸಮಯಕ್ಕೆ ಬರುತ್ತಾರೆಯೇ? ಕಾಕರ್ಟನ್‌ನ ವಾರಸುದಾರನಾಗಿದ್ದ ಆಡಿಟ್ ಕಮಿಷನ್ 2015ರಲ್ಲಿ ಮುಚ್ಚಿತು. ಖಾಸಗಿ ಸಂಸ್ಥೆಗಳೇ ಕೆಲಸ ವಹಿಸಿಕೊಂಡವು. ಇಂಗ್ಲೆಂಡಿನ 467 ಸ್ಥಳೀಯ ಸಂಸ್ಥೆಗಳ 2022-23ರ ಲೆಕ್ಕಗಳಲ್ಲಿ ಗಡುವಿನೊಳಗೆ, ಅಂದರೆ 2023ರ ಸೆಪ್ಟೆಂಬರ್ 30ರೊಳಗೆ, ಆಡಿಟ್ ಮುಗಿದದ್ದು 5. ಕೊನೆಗೆ ಸರ್ಕಾರ 2024ರ ಡಿಸೆಂಬರ್ 13 ಎಂದು ಅಂತಿಮ ದಿನ ಗೊತ್ತುಮಾಡಿತು. ಹಳೆಯ ಬಾಕಿಯನ್ನು, ಪರಿಶೀಲನೆ ಮುಗಿಯದಿದ್ದರೂ, ಅಭಿಪ್ರಾಯ ಕೊಡಲಾಗದು ಎಂದು ಬರೆದಾದರೂ ಮುಗಿಸಿ ಎಂದಿತು. ನೂರಾರು ಲೆಕ್ಕಗಳು ಹಾಗೇ ಮುಗಿದವು. ನನ್ನ ವೃತ್ತಿಯ ಮಟ್ಟಿಗೆ ಇದಕ್ಕಿಂತ ತಲೆ ತಗ್ಗಿಸುವ ಸಂಗತಿ ಇತ್ತೀಚೆಗೆ ಕಂಡಿಲ್ಲ.

ಸಟನ್ ಈ ನಡುವೆ ತನ್ನದೇ ಒಂದು ದಾರಿ ಹಿಡಿದಿತ್ತು. 2011ರ ಲೋಕಲಿಸಂ ಕಾಯ್ದೆ ಅವಕಾಶ ಕೊಟ್ಟದ್ದೇ ತಡ, 2012ರಲ್ಲಿ ಕ್ಯಾಬಿನೆಟ್ ಬಿಟ್ಟು ಹಳೆಯ ಸಮಿತಿ ಪದ್ಧತಿಗೆ ಮರಳಿದ ಮೊದಲ ಕೆಲವೇ ಕೌನ್ಸಿಲ್‌ಗಳಲ್ಲಿ ಅದೂ ಒಂದು. ಶಾಲೆಯ ದುಡ್ಡಿನ ವಿಷಯ ಬಂದಾಗ ವಿರೋಧ ಪಕ್ಷದವರೂ ಮೇಜಿನ ಸುತ್ತ ಕೂತಿರುತ್ತಾರೆ, ತೀರ್ಮಾನವಾದ ಮೇಲೆ ಕರೆಸಿ ಕೇಳುವ ಅಗತ್ಯವಿಲ್ಲ. 1986ರಿಂದ ಒಂದೇ ಪಕ್ಷದ ಕೈಯಲ್ಲಿರುವ ಕೌನ್ಸಿಲ್‌ನಲ್ಲಿ ಕೈ ಎತ್ತಿದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ, ನಿಜ. ಪ್ರಶ್ನೆ ಮತ್ತು ಉತ್ತರ ನಡಾವಳಿಯಲ್ಲಿ ಉಳಿಯುತ್ತವೆ. 2025ರ ಜುಲೈಯಲ್ಲಿ ಸಂಸತ್ತಿಗೆ ಬಂದ ಮಸೂದೆ ಈ ಸಮಿತಿ ಪದ್ಧತಿಯನ್ನು ಮತ್ತೆ ಕೊನೆಗಾಣಿಸಿ ಎಲ್ಲರಿಗೂ ನಾಯಕ-ಕ್ಯಾಬಿನೆಟ್ ವ್ಯವಸ್ಥೆ ತರಲು ಹೊರಟಿತು. ಸ್ಥಳೀಯ ಆಡಿಟ್‌ಗೆ ಒಂದು ಹೊಸ ರಾಷ್ಟ್ರೀಯ ಕಚೇರಿ ಕಟ್ಟುವ ಪ್ರಸ್ತಾಪವೂ ಅದೇ ಮಸೂದೆಯಲ್ಲಿತ್ತು. ಒಂದು ಕೈಯಲ್ಲಿ ಆಡಿಟರ್‌ನನ್ನು ಕೊಟ್ಟು ಇನ್ನೊಂದರಲ್ಲಿ ಸಮಿತಿಯನ್ನು ತೆಗೆದುಕೊಳ್ಳುವ ವ್ಯವಹಾರ ಇದು. ಸಟನ್‌ನ ಸಭೆಗಳು ಸದ್ಯಕ್ಕೆ ಸಂಜೆಯ ಹೊತ್ತು, ನಾವು ಕೆಲಸ ಮುಗಿಸಿ ರೈಲಿಳಿಯುವ ಸುಮಾರಿಗೆ ನಡೆಯುತ್ತವೆ. ಕಾರ್ಯಸೂಚಿ ಐದು ದಿನ ಮೊದಲೇ ಪ್ರಕಟವಾಗಿರುತ್ತದೆ.